ಒಂಬತ್ತು ತಲೆಗೆ ಒಂದೇ ಎದೆ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆ ಕಟ್ಟಿದವನು ಈ ಊರಿನ ಪುರಭವನದಲ್ಲಿ ಒಂದು ಬೆಳಗ್ಗೆ ಕೂತು ಎದ್ದು ಹೋಗಿರಬೇಕು. ಯುದ್ಧ ಮುಗಿದ ತಾರೀಖಿಗೆ ವರ್ಷಕ್ಕೊಮ್ಮೆ ಅಲ್ಲಿ ಭಾಷಣಗಳಾಗುತ್ತವೆ. ಆ ಯುದ್ಧದಲ್ಲಿ ಊರಿನ ಒಂಬತ್ತು ಹುಡುಗರು ಸತ್ತರು. ಬದುಕಿದ್ದಾಗ ಅವರಿಗೆ ಬಾಡಿಗೆ ಸೈಕಲ್ಲು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಊರು, ಸತ್ತ ಮೇಲೆ ತಲೆಯ ಮೇಲೆ ಹೊತ್ತು ಮೆರೆಸತೊಡಗಿತು. ಅವರ ಮನೆಯವರನ್ನು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿ, ಮುಖ್ಯ ಅತಿಥಿ ಬರುವವರೆಗೆ ಎರಡು ಗಂಟೆ ಕಾಯಿಸಿ, ಆಮೇಲೆ ಕೈಗೊಂದು ಫಲಕ ಕೊಟ್ಟು ಮನೆಗೆ ಕಳಿಸುತ್ತದೆ.

ಆ ಸಾಲಿನ ತುದಿಯ ಕುರ್ಚಿ ಟಚಿಂಗ್ ಅಕ್ಕನದು. ಅವಳ ಮನೆಯಲ್ಲಿ ಇಂಥ ಫಲಕಗಳು ಇಪ್ಪತ್ನಾಲ್ಕಿವೆ. ಒಂದು ನೀರಿನ ಹಂಡೆಗೆ ಮುಚ್ಚಳವಾಗಿದೆ. ಇನ್ನೊಂದು ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಒತ್ತಾಗಿದೆ. ಎರಡು ಸೇರಿ ಕುಂಟು ಮಂಚದ ಕಾಲನ್ನು ಸಮ ಮಾಡಿವೆ. ಮೊದಲನೇ ವರ್ಷದ್ದೊಂದು ಮಾತ್ರ ಗೋಡೆಯ ಮೇಲಿದೆ, ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾಳೆ. ಅದೊಂದನ್ನೇಕೆ ಅಲ್ಲಿ ಹಾಕಿದೆ ಎಂದರೆ, ಮೊಳೆ ಖಾಲಿ ಇತ್ತು ಎನ್ನುತ್ತಾಳೆ.

ಫೋಟೋ ಸ್ಟುಡಿಯೋದ ಹಿಂಕೋಣೆಯಲ್ಲಿ ಕೂತು ಊರಿನವರ ಮುಖಗಳನ್ನು ತಿದ್ದುವುದು ಅವಳ ಕೆಲಸ, ಹಾಗಾಗಿ ಆ ಹೆಸರು. ಹದಿನಾರನೇ ವಯಸ್ಸಿಗೆ ಸ್ಟುಡಿಯೋ ಗುಡಿಸಲೆಂದು ಸೇರಿದಳು. ಈ ಹುಡುಗಿಯ ಕೈ ನಡುಗುವುದಿಲ್ಲ ಎಂದು ಗುರುತಿಸಿದ ಹಳೇ ಯಜಮಾನರು ಪೊರಕೆ ಬಿಡಿಸಿ ಪೆನ್ಸಿಲು ಹಿಡಿಸಿದರು. ಆಗಿನ್ನೂ ಕಂಪ್ಯೂಟರು ಬಂದಿರಲಿಲ್ಲ. ಇಳಿಜಾರು ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಲ್ಲಿ ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಮುಚ್ಚಬೇಕಿತ್ತು. ಮಿನುಗುವ ಬಿಳಿ ಕಲೆಯಿದ್ದರೆ ಪೆನ್ಸಿಲು ಸಾಲದು, ಉಸಿರು ಬಿಗಿಹಿಡಿದು ಬ್ಲೇಡಿನ ಮೊನೆಯಿಂದ ಕೆರೆಯಬೇಕು. ಪೆನ್ಸಿಲಿನ ತಪ್ಪನ್ನು ಒರೆಸಿ ಸರಿಮಾಡಬಹುದು. ಬ್ಲೇಡಿನಲ್ಲಿ ಹೋದದ್ದು ಹೋದದ್ದೇ. ಇದೆಲ್ಲವನ್ನೂ ನೆಗೆಟಿವಿನ ಮಂಕು ಬದಿಯಲ್ಲೇ ಮಾಡಬೇಕು, ನುಣುಪು ಬದಿಗೆ ಪೆನ್ಸಿಲು ಹತ್ತುವುದಿಲ್ಲ. ಮಂಕು ಬದಿಯಿಂದ ನೋಡಿದರೆ ಎಲ್ಲರ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಅವಳು ಇಡೀ ಊರನ್ನು ಹೀಗೆ ತಿರುವುಮುರುವಾಗಿ ನೋಡಿದಳು. ಊರು ಇರುವುದೂ ಹಾಗೆಯೇ ಎಂದು ಅವಳ ಅಭಿಪ್ರಾಯ.

ಅವಳಿಗೆ ಮದುವೆಯಾಗಲಿಲ್ಲ. ಗಂಡುಗಳ ಫೋಟೋ ಬಂದವು, ಬರಲಿಲ್ಲ ಎಂದಲ್ಲ. ಆದರೆ ಊರಿನ ಎಲ್ಲ ಗಂಡುಗಳೂ ಹೆಣ್ಣಿನ ಮನೆಗೆ ಹೋಗುವ ಮುಂಚೆ ಅವಳ ಮೇಜಿನ ಮೇಲೆ ಹಾದುಹೋಗುತ್ತಿದ್ದರು. ಟಚಿಂಗಿಗೆ ಮುಂಚಿನ ಮುಖ ನೋಡಿದವಳು ಯಾರನ್ನು ಒಪ್ಪಿಯಾಳು?

ಇನ್ನೊಂದು ಕಾರಣ ಅವಳ ತಮ್ಮ. ತಾಯಿ ಹೋದಾಗ ಅವನಿಗೆ ಮೂರು ವರ್ಷ, ಇವಳಿಗೆ ಹದಿಮೂರು. ಅಪ್ಪ ಸಿನಿಮಾ ಟಾಕೀಸಿನ ಗೇಟು ಕಾಯುತ್ತಿದ್ದವನು, ಒಂದು ದಿನ ಬೇರೆ ಊರಿನ ಟಾಕೀಸಿಗೆ ಹೋದವನು ಆ ಕಡೆಯೇ ಉಳಿದುಬಿಟ್ಟ. ತಮ್ಮನ ಮುಖ ತೊಳೆದು, ತಲೆ ಬಾಚಿ, ಶಾಲೆಗೆ ದಬ್ಬಿದವಳು ಇವಳೇ. ಪ್ರತಿ ಹುಟ್ಟುಹಬ್ಬಕ್ಕೂ ಅವನನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ ಯಜಮಾನರಿಂದ ಒಂದು ಫೋಟೋ ತೆಗೆಸುತ್ತಿದ್ದಳು. ಹುಡುಗ ಒಂದು ಸಲವೂ ಸುಮ್ಮನೆ ಕೂತವನಲ್ಲ. ಯಜಮಾನರು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದರೆ ಸಾಕು, ಇವನಿಗೆ ನಗು ಉಕ್ಕಿಬರುತ್ತಿತ್ತು.

ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಅವನು ಸೈನ್ಯ ಸೇರಿದ. ದೇಶಪ್ರೇಮ ಎಂಬ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. "ಅಲ್ಲಿ ಫ್ರೀಯಾಗಿ ಲಾರಿ ಓಡಿಸೋದು ಕಲಿಸ್ತಾರಂತೆ ಅಕ್ಕಾ, ಇಲ್ಲಿ ನನಗೆ ಸ್ಟೇರಿಂಗ್ ಮುಟ್ಟೋಕೆ ಯಾರು ಬಿಡ್ತಾರೆ?" ಎಂದ. ಲಾರಿ ಓಡಿಸುವುದನ್ನು ಕಲಿತ. ನಾಲ್ಕನೇ ವರ್ಷಕ್ಕೆ ಯುದ್ಧ ಬಂತು. ಬೆಟ್ಟದ ರಸ್ತೆಯಲ್ಲಿ ಸೀಮೆಎಣ್ಣೆ ಡಬ್ಬಗಳನ್ನು ತುಂಬಿಕೊಂಡು ಮೇಲಿನ ಶಿಬಿರಕ್ಕೆ ಹೋಗುತ್ತಿದ್ದಾಗ ಲಾರಿಯ ಮೇಲೆ ಗುಂಡು ಬಿತ್ತು. ಇಪ್ಪತ್ತೆರಡು ವರ್ಷ. ಮನೆಗೆ ಬಂದ ಪೆಟ್ಟಿಗೆಯನ್ನು ತೆರೆಯಬಾರದೆಂದು ಆಜ್ಞೆಯಾಗಿತ್ತು. ಅಕ್ಕ ತೆರೆಯಲಿಲ್ಲ.

ಇದಿಷ್ಟು ನಡೆದದ್ದು. ಇದನ್ನು ಹುತಾತ್ಮರ ಸ್ಮರಣ ಸಮಿತಿಯ ಅಧ್ಯಕ್ಷರು ಬೆಳೆಸಿದ ಪರಿಯೇ ಬೇರೆ. ಅಧ್ಯಕ್ಷರದು ಸಿಮೆಂಟಿನ ಅಂಗಡಿ, ಹಾಗಾಗಿ ಸಿಮೆಂಟ್ ಅಧ್ಯಕ್ಷ ಎಂದೇ ಊರು ಕರೆಯುವುದು. ಮೊದಲ ವರ್ಷದ ಭಾಷಣದಲ್ಲಿ ಹುಡುಗ ಕರ್ತವ್ಯದಲ್ಲಿದ್ದಾಗ ಸತ್ತಿದ್ದ. ಐದನೇ ವರ್ಷಕ್ಕೆ ಲಾರಿಯಿಂದ ಇಳಿದು ಬಂದೂಕು ಹಿಡಿದ. ಹತ್ತನೇ ವರ್ಷಕ್ಕೆ ನಾಲ್ಕು ಜನ ಶತ್ರುಗಳನ್ನು ಕೊಂದ. ಈಗ ಆ ಲೆಕ್ಕ ಹನ್ನೆರಡಕ್ಕೆ ಬಂದಿದೆ, ಲಾರಿ ಕಥೆಯಿಂದಲೇ ಮಾಯವಾಗಿದೆ. ಅಧ್ಯಕ್ಷರಿಗೆ ಮೂರು ಜನ ಗಂಡುಮಕ್ಕಳು. ಮೂವರಲ್ಲಿ ಯಾರನ್ನೂ ಸೈನ್ಯಕ್ಕೆ ಕಳಿಸಲಿಲ್ಲವೇಕೆಂದು ಒಮ್ಮೆ ಯಾರೋ ಕೇಳಿದ್ದಕ್ಕೆ, ಮೂವರಿಗೂ ಧೂಳು ಆಗಿಬರುವುದಿಲ್ಲ ಎಂದಿದ್ದರು. ಸಿಮೆಂಟ್ ಅಂಗಡಿಯ ಗಲ್ಲಾದಲ್ಲಿ ಕೂರುವ ಮಕ್ಕಳಿಗೆ ಧೂಳು ಆಗಿಬರುವುದಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ ಎಂದು ಅಕ್ಕ ಆ ದಿನವೇ ತೀರ್ಮಾನ ಮಾಡಿದಳು.

ಹಾಗೆಂದು ಬೇರೆಯವರು ಅವಳ ಪರವಾಗಿ ಮಾತಾಡಿದರೂ ಸಹಿಸುವವಳಲ್ಲ. ಒಮ್ಮೆ ಪಾಸ್‌ಪೋರ್ಟ್ ಫೋಟೋಗೆಂದು ಬಂದ ಕಾಲೇಜು ಮೇಷ್ಟ್ರೊಬ್ಬರು, "ಯುದ್ಧ ಅನ್ನೋದು ದೊಡ್ಡವರ ಆಟ ಅಕ್ಕಾ. ಸಾಯೋರು ಬಡವರ ಮಕ್ಕಳು. ನಿಮ್ಮ ತಮ್ಮ ಸುಮ್ಮನೆ ಸತ್ತ" ಎಂದರು. ಮೊದಲೆರಡು ಮಾತನ್ನು ಅಕ್ಕ ತಾನೇ ನೂರು ಸಲ ಆಡಿದ್ದಳು. ಮೂರನೆಯದಕ್ಕೆ ಕೆಲಸ ಬಿಟ್ಟು ತಿರುಗಿದಳು.

"ಸುಮ್ಮನೆ ಸತ್ತ ಅನ್ನೋಕೆ ನೀವ್ಯಾರು? ಮೇಲೆ ಚಳೀಲಿ ಕೂತಿದ್ದೋರಿಗೆ ಸೀಮೆಎಣ್ಣೆ ಬೇಕಿತ್ತು, ಇವನು ತಗೊಂಡು ಹೋದ. ನೀವು ಯಾರಿಗೆ ಏನು ತಗೊಂಡು ಹೋಗಿದೀರಿ?"

ಮೇಷ್ಟ್ರ ಗದ್ದದ ಕೆಳಗೆ ಇನ್ನೊಂದು ಗದ್ದ ಜೋತುಬಿದ್ದಿತ್ತು. ಎರಡು ನಿಮಿಷದ ಕೆಲಸ, ಅಳಿಸಬಹುದಿತ್ತು. ಹಾಗೇ ಬಿಟ್ಟಳು. ಹತ್ತು ವರ್ಷ ಆ ಗದ್ದವನ್ನು ದೇಶದೇಶಗಳ ಅಧಿಕಾರಿಗಳು ನೋಡಲಿ ಎಂದು.

ರಾಷ್ಟ್ರಗೀತೆ ಹಾಡಿದಾಗಲೂ ಹೀಗೆಯೇ. ಪುರಭವನದ ಆ ಹರಕು ಸ್ಪೀಕರಿನಲ್ಲಿ ಅದು ಶುರುವಾದರೆ ಸಾಕು, ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾಳೆ, ಗಂಟಲು ಕಟ್ಟುತ್ತದೆ. ಆಮೇಲೆ ಮನೆಗೆ ಬರುವವರೆಗೂ ತನ್ನ ಗಂಟಲಿನ ಮೇಲೆಯೇ ಅವಳಿಗೆ ಸಿಟ್ಟು.

ಈಗ ಇಪ್ಪತ್ತೈದನೇ ವರ್ಷ. ಬರೀ ಫಲಕ ಕೊಟ್ಟರೆ ಸಾಲದು ಎಂದು ಸಮಿತಿಗೆ ಅನ್ನಿಸಿತು. ಒಂಬತ್ತು ಜನರ ದೊಡ್ಡ ಫೋಟೋಗಳನ್ನು ಪುರಭವನದ ಗೋಡೆಗೆ ಏರಿಸುವುದೆಂದು ತೀರ್ಮಾನವಾಯಿತು. ಆ ಕೆಲಸ ಮಾಡಲು ಊರಿನಲ್ಲಿ ಇದ್ದದ್ದು ಒಬ್ಬಳೇ. ಸಿಮೆಂಟ್ ಅಧ್ಯಕ್ಷರು ಒಂಬತ್ತು ಲಕೋಟೆ ಹಿಡಿದು ಸ್ಟುಡಿಯೋದ ಹಿಂಕೋಣೆಗೆ ಬಂದರು.

"ಎಲ್ಲಾ ಒಂದೇ ಥರ ಕಾಣ್ಬೇಕು ಅಕ್ಕಾ. ಒಂದೇ ಸೈಜು, ಒಂದೇ ಯೂನಿಫಾರಂ, ನೋಟ ನೇರ. ನೋಡಿದೋರಿಗೆ ಮೈ ಜುಮ್ ಅನ್ಬೇಕು."

"ನನಗೆ ಗೊತ್ತಿರೋ ಹಾಗೆ ಯೂನಿಫಾರಂ ಹಾಕ್ಕೊಂಡಿರೋ ಫೋಟೋ ಇರೋದು ಇಬ್ಬರದ್ದೇ. ಅದೂ ಮಸುಕು."

"ಗೊತ್ತು, ಗೊತ್ತು. ಅದಕ್ಕೇ ಎದೆ ನಾನೇ ತಂದಿದೀನಿ" ಎಂದು ಅಧ್ಯಕ್ಷರು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಕತ್ತಿನಿಂದ ಸೊಂಟದವರೆಗೆ ಗರಿಗರಿ ಯೂನಿಫಾರಂ, ಹಿತ್ತಾಳೆ ಗುಂಡಿ, ಉಬ್ಬಿದ ಎದೆ. ಅಕ್ಕ ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಳು. ತೋಳಿನ ಮೇಲೆ ಅಧ್ಯಕ್ಷರ ಬಾಮೈದನ ಕಾವಲು ಕಂಪನಿಯ ಬಿಲ್ಲೆ ಕಂಡಿತು.

"ಇದು ಎಟಿಎಂ ಕಾಯೋನ ಎದೆ."

"ಬಿಲ್ಲೆ ಅಳಿಸಿದ್ರೆ ಆಯ್ತು. ಎದೆ ಎದೆನೇ ಅಲ್ವಾ?"

ಅಕ್ಕ ಲಕೋಟೆಗಳನ್ನು ಒಂದೊಂದಾಗಿ ಬಿಚ್ಚಿದಳು. ಶಾಲೆಯ ಗುಂಪು ಫೋಟೋದಿಂದ ಕತ್ತರಿಸಿದ ತಲೆ. ಮದುವೆ ಮನೆಯಲ್ಲಿ ಯಾರದೋ ಹೆಗಲ ಹಿಂದಿನಿಂದ ಇಣುಕುವ ತಲೆ. ಒಂಬತ್ತನೆಯ ಲಕೋಟೆ ಖಾಲಿ ಇತ್ತು.

"ನಿಮ್ಮ ತಮ್ಮಂದು ನಿಮ್ಮ ಹತ್ರಾನೇ ಇರುತ್ತಲ್ಲ" ಎಂದರು ಅಧ್ಯಕ್ಷರು. "ಒಂದು ಮಾತು. ನಗೋ ಫೋಟೋ ಬೇಡ. ಹುತಾತ್ಮರು ಹಲ್ಲು ಬಿಟ್ಕೊಂಡಿದ್ರೆ ಗೌರವ ಇರಲ್ಲ. ಬಾಯಿ ಮುಚ್ಚಿಸಿಬಿಡಿ, ನಿಮಗೇನು ಕಷ್ಟ."

"ಅವನ ಬಾಯನ್ನ ಬದುಕಿದ್ದಾಗ್ಲೇ ನನ್ನ ಕೈಲಿ ಮುಚ್ಚಿಸೋಕೆ ಆಗ್ಲಿಲ್ಲ."

"ಅಕ್ಕಾ, ನಾನು ಹೇಳೋದು ಏನಂದ್ರೆ..."

"ನಾನು ಹೇಳೋದು ಕೇಳಿ. ಇಪ್ಪತ್ನಾಲ್ಕು ವರ್ಷ ನೀವು ಅವನ ಬಗ್ಗೆ ಏನೇನೋ ಹೇಳಿದ್ರಿ, ನಾನು ಕುರ್ಚಿ ಬಿಟ್ಟು ಎದ್ದಿಲ್ಲ. ನಿಮ್ಮ ಮಾತು ಗಾಳಿಗೆ ಹೋಗುತ್ತೆ, ಫೋಟೋ ಗೋಡೆ ಮೇಲೆ ಇರುತ್ತೆ. ನಾನು ಸತ್ತ ಮೇಲೆ ಅವನು ಹೇಗಿದ್ದ ಅನ್ನೋದಕ್ಕೆ ಅದೊಂದೇ ಸಾಕ್ಷಿ. ಎದೆ ಯಾವುದಾದ್ರೂ ಹಾಕ್ಕೊಳ್ಳಿ. ಮುಖ ಅವನದೇ ಇರ್ಬೇಕು, ಅವನು ಇದ್ದ ಹಾಗೇ ಇರ್ಬೇಕು. ಇಲ್ಲಾಂದ್ರೆ ಒಂಬತ್ತನ್ನೂ ನೀವೇ ಮಾಡ್ಕೊಳ್ಳಿ."

ಅಧ್ಯಕ್ಷರಿಗೆ ಬೇರೆ ದಾರಿಯಿರಲಿಲ್ಲ, ಒಪ್ಪಿಕೊಂಡು ಹೋದರು.

ಎಂಟು ಜನರ ಕೆಲಸ ಶುರುವಾಯಿತು. ಎಂಟೂ ತಲೆಗಳನ್ನು ಆ ಕಾವಲುಗಾರನ ಎದೆಯ ಮೇಲೆ ಕೂರಿಸುತ್ತಾ ಅಕ್ಕ ಮನಸಾರೆ ಬೈದಳು. ಸಪೂರ ಕತ್ತಿನ ಹುಡುಗರೆಲ್ಲ ರಾತ್ರೋರಾತ್ರಿ ಗಟ್ಟಿಮುಟ್ಟಾದರು. ಒಬ್ಬರಿಗೊಬ್ಬರು ಅಣ್ಣತಮ್ಮಂದಿರ ಹಾಗೆ ಕಾಣತೊಡಗಿದರು, ಅದೂ ಎಂಥ ಅಣ್ಣತಮ್ಮಂದಿರು, ಒಂದೇ ಅಂಗಿಯನ್ನು ಸರದಿಯಲ್ಲಿ ಹಾಕಿಕೊಂಡು ಬಂದವರ ಹಾಗೆ.

ಮನೆಯವರೂ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಯಾರೊಬ್ಬರೂ ಎದೆಯ ಬಗ್ಗೆ ತಕರಾರೆತ್ತಲಿಲ್ಲ ಎಂಬುದೇ ಅಕ್ಕನಿಗೆ ಆಶ್ಚರ್ಯ. ಬಸ್ಸಿನ ಕಂಡಕ್ಟರಾಗಿ ರಿಟೈರಾದ ಒಬ್ಬ ಮುದುಕ ಬಂದ. ಗುಂಪು ಫೋಟೋದಿಂದ ಕತ್ತರಿಸಿದ ತಲೆ ಅವನ ಮಗನದು. ಪರದೆಯ ಮೇಲೆ ಮಗನನ್ನು ನೋಡಿ, ಟೋಪಿ ತಿರುವುತ್ತಾ, "ಒಂದು ಮೀಸೆ ಹಾಕೋಕೆ ಆಗುತ್ತಾ ತಾಯಿ?" ಎಂದ.

"ಇತ್ತಾ ಅವನಿಗೆ?"

"ಬರ್ತಿರ್ಲಿಲ್ಲ. ದಿನಾ ಕನ್ನಡಿ ನೋಡ್ತಿದ್ದ. ಸೈನ್ಯಕ್ಕೆ ಹೋದ್ಮೇಲೆ ಬಂದೇ ಬರುತ್ತೆ ಅಂತಿದ್ದ."

ಇದ್ದಾಗ ಮೂಡದ ಮೀಸೆ ಸತ್ತ ಮೇಲೆ ಮೂಡಿಸಬೇಕಂತೆ ಎಂದು ಅಕ್ಕ ಮನಸ್ಸಿನಲ್ಲೇ ಮೂಗು ಮುರಿದಳು. ಎಲ್ಲರಿಗೂ ಬೇಕಾದದ್ದು ಚೆಂದದ ಸುಳ್ಳು, ಸತ್ತವನು ಯಾರಿಗೂ ಬೇಡ ಎಂದುಕೊಂಡಳು. ಆದರೂ ತೆಳ್ಳಗೆ ಒಂದು ಮೀಸೆ ಎಳೆದುಕೊಟ್ಟಳು. ಮುದುಕ ಪರದೆಯನ್ನು ಬೆರಳಿಂದ ಮುಟ್ಟಿ, ಕಲೆಯಾಯಿತೆಂದು ಹೆದರಿ ತೋಳಿನಿಂದ ಒರೆಸಿ, ಕೈಮುಗಿದು ಹೋದ.

ಕೊನೆಗೆ ತಮ್ಮನ ಸರದಿ ಬಂತು. ಹುಟ್ಟುಹಬ್ಬದ ಹನ್ನೆರಡು ನೆಗೆಟಿವ್‌ಗಳೂ ಪ್ರಿಂಟುಗಳೂ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಸೈನ್ಯದಿಂದ ಅವನು ಕಳಿಸಿದ್ದು ಒಂದೇ ಫೋಟೋ, ಅದರಲ್ಲಿ ಕಪ್ಪು ಕನ್ನಡಕ ಹಾಕಿ ಲಾರಿಯ ಮುಂದೆ ನಿಂತಿದ್ದ, ಲಾರಿ ಸ್ಪಷ್ಟವಾಗಿತ್ತು, ಮುಖ ಬೇಳೆಕಾಳಿನಷ್ಟಿತ್ತು. ಹದಿನೆಂಟನೇ ಹುಟ್ಟುಹಬ್ಬದ ನಗುವ ಫೋಟೋವನ್ನು ಆರಿಸಿದಳು. ಆದರೂ ಇನ್ನೊಬ್ಬರು ನೋಡಿ ಹೌದೆನ್ನಲಿ ಎಂದು ಅವನ ಜೊತೆಗಾರನಿಗೆ ಹೇಳಿಕಳಿಸಿದಳು. ಅದೇ ತುಕಡಿಯಲ್ಲಿ ಲಾರಿ ಓಡಿಸುತ್ತಿದ್ದವನು, ತಮ್ಮನ ಹಿಂದಿನ ಲಾರಿಯಲ್ಲಿದ್ದವನು. ಈಗ ಪಕ್ಕದ ಊರಿನಲ್ಲಿ ಟೈರು ಪಂಕ್ಚರಿನ ಅಂಗಡಿ ಇಟ್ಟುಕೊಂಡಿದ್ದ. ಕಡಿಮೆ ಮಾತಿನ ಮನುಷ್ಯ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ, ಕೆಳಗಿಟ್ಟ, ಮತ್ತೆ ತೆಗೆದು ನೋಡಿದ.

"ಇದು ಅವನಾ ಅಕ್ಕಾ?"

"ಇದೇನು ಹೀಗೆ ಕೇಳ್ತೀಯ?"

"ನಗು ಅವನದೇ. ಆದ್ರೆ ತುಟಿ ಮೇಲಿನ ಗಾಯ ಎಲ್ಲಿ?"

ಅಕ್ಕ ಡಬ್ಬವನ್ನು ಮೇಜಿನ ಮೇಲೆ ಸುರಿದು ಹನ್ನೆರಡೂ ಪ್ರಿಂಟುಗಳನ್ನು ಸಾಲಾಗಿ ಹರಡಿದಳು. ಏಳು ವರ್ಷದವನ ತುಟಿ, ಹತ್ತು ವರ್ಷದವನ ತುಟಿ, ಹದಿನೆಂಟರವನ ತುಟಿ, ಎಲ್ಲವೂ ಬೆಣ್ಣೆಯಂತೆ ನುಣುಪು. ನೆಗೆಟಿವ್‌ಗಳನ್ನು ಬೆಳಕಿನ ಮೇಜಿಗೆ ಹಾಕಿ ಭೂತಗನ್ನಡಿ ಹಿಡಿದಳು. ಹನ್ನೆರಡರಲ್ಲೂ ಆ ಜಾಗವನ್ನು ಬ್ಲೇಡಿನಿಂದ ಕೆರೆದಿತ್ತು. ಕೆರೆದದ್ದಷ್ಟೇ ಅಲ್ಲ, ಕೆರೆದ ಗುರುತು ಕಾಣದಂತೆ ಸುತ್ತ ಪೆನ್ಸಿಲು ಆಡಿಸಿ ಬೆಸೆದಿತ್ತು. ಊರಿನಲ್ಲಿ ಅಷ್ಟು ಚೊಕ್ಕಟವಾದ ಕೈ ಒಂದೇ ಇತ್ತು.

ಆ ಗಾಯ ಆದದ್ದು ಬೀದಿ ನಲ್ಲಿಯ ಹತ್ತಿರ. ಅವಳಿಗೆ ಹದಿನಾಲ್ಕು, ಅವನಿಗೆ ನಾಲ್ಕು. ನೀರಿನ ಸಾಲಿನಲ್ಲಿ ಜಗಳವಾಗುತ್ತಿತ್ತು, ಇವನು ಎತ್ತಿಕೋ ಎಂದು ಲಂಗ ಹಿಡಿದು ಜಗ್ಗುತ್ತಿದ್ದ, ಅವಳು ರೇಗಿ ದಬ್ಬಿದಳು. ಬಕೆಟ್ಟಿನ ಕಬ್ಬಿಣದ ಅಂಚು ಮೇಲ್ತುಟಿಯನ್ನು ಮೂಗಿನವರೆಗೆ ಸೀಳಿತು. ಆಸ್ಪತ್ರೆಯ ಕಾಂಪೌಂಡರು ಮೂರು ಹೊಲಿಗೆ ಹಾಕಿದ. ಬಿದ್ದುಬಿಟ್ಟ ಎಂದು ಅವಳು ಎಲ್ಲರಿಗೂ ಹೇಳಿದಳು. ಎರಡು ವರ್ಷದ ಮೇಲೆ ಕೈಗೆ ಬ್ಲೇಡು ಬಂದಾಗ, ಮೊದಲ ಹುಟ್ಟುಹಬ್ಬದ ನೆಗೆಟಿವಿನಲ್ಲೇ ಆ ಬಿಳಿ ಗೆರೆಯನ್ನು ಕೆರೆದು ಹಾಕಿದಳು. ಆಮೇಲೆ ಪ್ರತಿ ವರ್ಷ. ಅವನು ಹೋದ ಮೇಲೆ ಅವಳ ಪಾಲಿಗೆ ತಮ್ಮನೆಂದರೆ ಈ ಫೋಟೋಗಳೇ, ನೋಡಿ ನೋಡಿ ಕಣ್ಣಿಗೆ ಈ ನುಣುಪು ತುಟಿಯೇ ಒಗ್ಗಿಹೋಗಿತ್ತು. ಸಿಮೆಂಟ್ ಅಧ್ಯಕ್ಷರು ಭಾಷಣದಲ್ಲಿ ಅವನನ್ನು ತಿದ್ದುವುದಕ್ಕೆ ಎಷ್ಟೋ ವರ್ಷ ಮುಂಚೆ ಅವಳೇ ತಿದ್ದಿ ಮುಗಿಸಿದ್ದಳು. ಇಷ್ಟು ದಿನ ಬೈದ ಬೈಗುಳವೆಲ್ಲ ತನ್ನ ತಲೆಯ ಮೇಲೇ ಬಂದು ಕೂತ ಹಾಗಾಯಿತು.

"ಸೈನ್ಯಕ್ಕೆ ಸೇರೋ ದಿನಾನೇ ಗಲಾಟೆ ಆಗಿತ್ತಂತೆ" ಎಂದ ಜೊತೆಗಾರ. "ಅರ್ಜೀಲಿ ಗುರುತು ಅಂತ ತುಟಿ ಗಾಯ ಬರೆದಿದಾನೆ, ಫೋಟೋದಲ್ಲಿ ಗಾಯ ಇಲ್ಲ. ಇದು ನೀನೋ ನಿಮ್ಮಣ್ಣನೋ ಅಂತ ಗುಮಾಸ್ತ ಬೈದು, ಗೇಟಿನ ಹತ್ರ ಬೇರೆ ಫೋಟೋ ತೆಗೆಸಿದ್ನಂತೆ. ಹೇಳ್ಕೊಂಡು ಹೇಳ್ಕೊಂಡು ನಗ್ತಿದ್ದ."

ಆ ಫೋಟೋ ಸೈನ್ಯದ ಕಡತದಲ್ಲಿ ಎಲ್ಲೋ ಇರಬೇಕು. ಬರೆದು ತರಿಸಲು ವರ್ಷ ಬೇಕು, ಸಮಾರಂಭಕ್ಕೆ ಉಳಿದದ್ದು ಹತ್ತು ದಿನ.

"ಗಾಯ ಹೇಗಾಯ್ತು ಅಂದಿದ್ದ ನಿನ್ನ ಹತ್ರ?" ಎಂದು ಅಕ್ಕ ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ನಮ್ಮಕ್ಕ ಕೊಟ್ಟ ಮೆಡಲು ಅಂತಿದ್ದ. ಸರ್ಕಾರದ್ದು ಬರೋದು ಲೇಟಾಗುತ್ತೆ, ಇದು ನಾಲ್ಕನೇ ವಯಸ್ಸಿಗೇ ಬಂತು ಅಂತಿದ್ದ."

ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದ ಮಗು, ನೆನಪಿರಲಾರದು ಎಂದು ಅವಳು ಇಷ್ಟು ವರ್ಷ ಧೈರ್ಯದಿಂದಿದ್ದಳು. ಅಕ್ಕ ಎದ್ದು ಹೋಗಿ ಬಾಗಿಲ ಪರದೆ ಎಳೆದು ಬಂದು ಅತ್ತಳು. ಜೊತೆಗಾರ ಟೈರಿನ ಕಪ್ಪು ಹಿಡಿದ ತನ್ನ ಉಗುರುಗಳನ್ನೇ ನೋಡುತ್ತಾ ಕೂತಿದ್ದ.

ಮುಖ ಒರೆಸಿಕೊಂಡು ಅವಳು ಮೌಸ್ ಹಿಡಿದಳು. ಗಾಯವನ್ನು ವಾಪಸು ಬರೆಯಬೇಕು. ಪರದೆಯ ಮೇಲೆ ತಮ್ಮನ ತುಟಿಯನ್ನು ದೊಡ್ಡದು ಮಾಡಿ, ಅವನ ಬಲಗಡೆಗೆ ಗೆರೆ ಎಳೆದಳು.

"ಈ ಕಡೆ ಅಲ್ಲ ಅಕ್ಕಾ" ಎಂದ ಜೊತೆಗಾರ. "ಎಡಕ್ಕೆ."

"ಬಲಕ್ಕೇ. ಹನ್ನೆರಡು ಸಲ ನಾನೇ ಕೆರೆದಿದೀನಿ, ನನಗೆ ಗೊತ್ತಿಲ್ವಾ?" ಎಂದವಳು ಅಲ್ಲೇ ನಿಂತಳು. ಕೆರೆದದ್ದು ನೆಗೆಟಿವಿನ ಮಂಕು ಬದಿಯಿಂದ. ಅಲ್ಲಿ ಎಡ ಬಲವಾಗಿರುತ್ತದೆ. ಕೆರೆದ ನೆಗೆಟಿವ್ ಮುಂದೆಯೇ ಇತ್ತು, ತಿರುವಿ ನೋಡಿದರೆ ಲೆಕ್ಕ ಸಿಗುತ್ತಿತ್ತು. ಜೊತೆಗಾರ ಹೇಳಿದ್ದೇ ಸರಿ ಎಂದು ಬುದ್ಧಿಗೆ ತಿಳಿಯಿತು. ಆದರೆ ಕಣ್ಣು ಮುಚ್ಚಿದರೆ ತಮ್ಮ ಬಲಗಡೆಯ ಗಾಯ ಹೊತ್ತೇ ನಗುತ್ತಿದ್ದ. ಲೆಕ್ಕ ಹಾಕಿ ಅವನ ಮುಖ ಮಾಡುವುದು ಅವಳಿಗೆ ಬೇಡವಾಗಿತ್ತು. ತಮ್ಮನ ಮುಖ ತನಗೇ ತಿಳಿಯದೆ ಹೋದರೆ ಸಿಮೆಂಟ್ ಅಧ್ಯಕ್ಷನಿಗೂ ತನಗೂ ಏನು ವ್ಯತ್ಯಾಸ?

"ಇಲ್ಲಿ ಬಂದು ಕೂತ್ಕೋ" ಎಂದಳು.

ಜೊತೆಗಾರ ಸ್ಟೂಲಿನ ಮೇಲೆ ಕೂತ. ಅಕ್ಕ ಪರದೆ ಒರೆಸುವ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿದಳು, ಕಣ್ಣು ಮುಚ್ಚಿದಳು, ಐವತ್ತು ವರ್ಷದ ಆ ಗಂಡಸಿನ ಮುಖ ತೊಳೆಯತೊಡಗಿದಳು. ಹಣೆ, ಕಣ್ಣಿನ ಮೂಲೆ, ಕಿವಿಯ ಹಿಂದೆ, ಮೂಗು. ಶಾಲೆಗೆ ಹೊತ್ತಾಗುತ್ತಿದೆ ಎಂಬ ಅವಸರದ ಕೈ. ಮೇಲ್ತುಟಿಯ ಮೇಲೆ ಒರೆಸುತ್ತಾ ಹೋದ ಕೈ ಅವನ ಎಡ ಮೂಲೆಗೆ ಬಂದಾಗ ತಾನಾಗಿ ನಿಧಾನವಾಯಿತು. ಅಲ್ಲಿ ಬಟ್ಟೆಯನ್ನು ಒತ್ತದೆ, ಹೂವು ಮುಟ್ಟುವ ಹಾಗೆ ಮುಟ್ಟಿ ದಾಟಿತು. ಹೊಲಿಗೆ ನೋಯುತ್ತದೆಂದು ಕಲಿತ ಕೈ, ಹೊಲಿಗೆ ಬಿಚ್ಚಿದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಅಲ್ಲೇ" ಎಂದ ಜೊತೆಗಾರ.

ಅಕ್ಕ ನಾಲ್ಕು ದಿನ ಆ ಒಂದು ಗೆರೆಯ ಮೇಲೆ ಕೂತಳು. ನಲವತ್ತು ವರ್ಷ ಕಲೆ ಅಳಿಸಿಯೇ ಅನ್ನ ತಿಂದವಳಿಗೆ ಒಂದು ಕಲೆ ಮಾಡುವುದು ಬರುತ್ತಿರಲಿಲ್ಲ. ಮೊದಲ ದಿನ ಅದು ಅಂಟಿಸಿದ ದಾರದ ಹಾಗೆ ಕಂಡಿತು, ಎರಡನೇ ದಿನ ಹಾಲು ಕುಡಿದು ಬಾಯಿ ಒರೆಸದವನ ಹಾಗೆ. ನಾಲ್ಕನೇ ದಿನ ಸಂಜೆಗೆ ತಮ್ಮ ಪರದೆಯ ಮೇಲಿಂದ ಅವಳನ್ನು ನೋಡಿ ನಕ್ಕ. ತುಟಿಯ ಎಡಗಡೆ ಸ್ವಲ್ಪ ಮೇಲಕ್ಕೆ ಜಗ್ಗಿದ, ಎಲ್ಲರನ್ನೂ ಗೇಲಿ ಮಾಡುವಂಥ ನಗು. ಆ ನಗು ಹಾಗಿತ್ತೆಂಬುದನ್ನೇ ಅವಳು ಮರೆತಿದ್ದಳು. ಕಾವಲುಗಾರನ ಎದೆಯ ಮೇಲೆ ಆ ಮುಖ ಕೂತಾಗ, ಯೂನಿಫಾರಮ್ಮಿಗೇ ಸ್ವಲ್ಪ ಮುಜುಗರವಾದ ಹಾಗೆ ಕಂಡಿತು. ಅಕ್ಕನಿಗೆ ಬಹಳ ತೃಪ್ತಿಯಾಯಿತು.

ಸಮಾರಂಭದ ದಿನ ಮುಖ್ಯ ಅತಿಥಿ ಹನ್ನೊಂದೂವರೆಗೆ ಬಂದರು. ಗೋಡೆಯ ಮೇಲಿನ ಬಟ್ಟೆಯನ್ನು ಜಗ್ಗಿದಾಗ ಒಂಬತ್ತು ಎದೆಗಳು ಸಾಲಾಗಿ ಉಬ್ಬಿ ನಿಂತವು, ಜನ ಚಪ್ಪಾಳೆ ತಟ್ಟಿದರು. ಸಿಮೆಂಟ್ ಅಧ್ಯಕ್ಷರು ಮೈಕಿನ ಮುಂದೆ ನಿಂತು ಒಬ್ಬೊಬ್ಬರ ಸಾಹಸವನ್ನೂ ಹೇಳುತ್ತಾ ಕೊನೆಯ ಫೋಟೋದ ಹತ್ತಿರ ಬಂದರು. ನಗು ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ತುಟಿ ಅವರ ಕಣ್ಣಿಗೆ ಬಿತ್ತು. ಕೈಗೆ ಸಿಕ್ಕಿದ್ದನ್ನು ಬಿಡುವ ಆಸಾಮಿಯಲ್ಲ ಅವರು.

"ಬಂಧುಗಳೇ, ಈ ವೀರನ ಮುಖ ನೋಡಿ. ತುಟಿಯ ಮೇಲೆ ಶತ್ರುವಿನ ಚೂರಿ ಮಾಡಿದ ಗಾಯ ನೋಡಿ. ಆ ಗಾಯದಲ್ಲೂ ನಗ್ತಾ ಇದಾನೆ ನೋಡಿ. ಸಾವಿನ ಎದುರಿಗೂ ನಕ್ಕ ಗಂಡು ಇವನು."

ಸಭೆ ಉಸಿರು ಎಳೆದುಕೊಂಡಿತು. ಹಿಂದಿನ ಸಾಲಿನವರು ಎದ್ದು ಕತ್ತು ಚಾಚಿ ನೋಡಿದರು. ಅಕ್ಕ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಭಾಷಣದ ನಡುವೆ ಕುರ್ಚಿ ಬಿಟ್ಟು ಎದ್ದಳು. ವೇದಿಕೆಯ ಹತ್ತಿರ ಹೋಗಿ ಜನರ ಕಡೆ ತಿರುಗಿದಳು. ಮೈಕು ಕೊಡುವವರು ಯಾರೂ ಇರಲಿಲ್ಲ.

"ಅದು ಶತ್ರು ಮಾಡಿದ್ದಲ್ಲ" ಎಂದಳು. "ನಾನು ಮಾಡಿದ್ದು. ನಲ್ಲಿ ಹತ್ರ ದಬ್ಬಿದೆ, ಬಕೆಟ್ಟಿಗೆ ಬಡೀತು. ಅವನಿಗೆ ಆಗ ನಾಲ್ಕು ವರ್ಷ. ಅವನು ಯಾರನ್ನೂ ಕೊಂದಿಲ್ಲ. ಸೀಮೆಎಣ್ಣೆ ತಗೊಂಡು ಹೋಗ್ತಿದ್ದ."

ಮುಂದಿನ ಸಾಲಿನವರು ಅಧ್ಯಕ್ಷರ ಕಡೆ ತಿರುಗಿದರು. ಅಷ್ಟರಲ್ಲಿ ಅಧ್ಯಕ್ಷರು ಕಣ್ಣೊರೆಸಿಕೊಂಡರು. ಅದು ನಾಟಕವೂ ಇರಲಿಲ್ಲ, ಅವರಿಗೆ ನಿಜವಾಗಿಯೇ ಕಣ್ಣೀರು ಬಂದಿತ್ತು, ಅದೇ ಅವರ ದೊಡ್ಡ ಬಂಡವಾಳ.

"ಅಕ್ಕನ ಹೃದಯ ಬಂಧುಗಳೇ, ಅಕ್ಕನ ಹೃದಯ. ತಮ್ಮನ ಗಾಯಕ್ಕೂ ತಾನೇ ಹೊಣೆ ಅಂತಾಳೆ. ಇಂಥ ಅಕ್ಕಂದಿರು ಇರೋವರೆಗೆ ಈ ದೇಶವನ್ನ ಯಾರು ಅಲ್ಲಾಡಿಸ್ತಾರೆ?"

ಚಪ್ಪಾಳೆ ಬಿದ್ದದ್ದು ಬಿದ್ದದ್ದೇ. ಅದರ ಹಿಂದೆಯೇ ಹರಕು ಸ್ಪೀಕರಿನಲ್ಲಿ ರಾಷ್ಟ್ರಗೀತೆ ಶುರುವಾಯಿತು. ಅಕ್ಕ ನಿಂತೇ ಇದ್ದಳು. ಬಾಯಿ ಬಿಡುವಂತಿರಲಿಲ್ಲ, ಗಂಟಲು ಎಂದಿನಂತೆ ಕಟ್ಟಿತು. ಊರೆಂಬ ಊರೇ ಅವಳ ತಪ್ಪೊಪ್ಪಿಗೆಯನ್ನು ಕೂಡ ತಿಂದು ತೇಗಿತ್ತು, ಅವಳು ನೆಟ್ಟಗೆ ನಿಂತು ಅದಕ್ಕೆ ಗೌರವ ಸಲ್ಲಿಸುತ್ತಿದ್ದಳು.

ಗೀತೆ ಮುಗಿದು ಜನ ಫೋಟೋಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳತೊಡಗಿದರು. ತಮ್ಮನ ಮುಂದೆ ಎಲ್ಲಕ್ಕಿಂತ ಉದ್ದದ ಸಾಲು. ಬೆರಳಲ್ಲಿ ಗಾಯ ತೋರಿಸಿ ತೋರಿಸಿ ಫೋಟೋ ಹಿಡಿಯುತ್ತಿದ್ದರು. ಅಕ್ಕ ಆ ಕಡೆ ಬೆನ್ನು ಮಾಡಿ ಚೀಲ ಹುಡುಕುತ್ತಿದ್ದಾಗ ಕಂಡಕ್ಟರು ಮುದುಕ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ. ಅವನ ಮಗನ ಮುಂದೆ ಯಾರೂ ನಿಂತಿರಲಿಲ್ಲ.

"ತಾಯಿ, ತಪ್ಪು ತಿಳ್ಕೋಬೇಡಿ" ಎಂದ. "ನಮ್ಮ ಹುಡುಗನಿಗೂ ಒಂದು ಗಾಯ ಹಾಕ್ಕೊಡ್ತೀರಾ? ಸಣ್ಣದಾದ್ರೂ ಸಾಕು."

ಅಕ್ಕನ ನಾಲಿಗೆ ತುದಿಗೆ ಬಂದ ಮಾತು ಸಾಮಾನ್ಯದ್ದಲ್ಲ. ಆದರೆ ಮುದುಕನ ಮುಖ ನೋಡಿ ಅದನ್ನು ನುಂಗಿದಳು. ನಲವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಕೇಳದ ಪ್ರಶ್ನೆಯೊಂದನ್ನು ಅವನಿಗೆ ಕೇಳಿದಳು.

"ಅವನ ಮುಖದ ಮೇಲೆ ನಿಜವಾಗ್ಲೂ ಏನಿತ್ತು, ಹೇಳಿ. ಮಚ್ಚೆನೋ, ಕಲೆನೋ, ಬಿದ್ದಿದ್ದೋ, ಸುಟ್ಟಿದ್ದೋ. ಏನಿತ್ತೋ ಅದನ್ನ ಹಾಕ್ತೀನಿ."

ಮುದುಕ ಗೋಡೆಯ ಕಡೆ ತಿರುಗಿ ತುಂಬಾ ಹೊತ್ತು ನೋಡಿದ. ನೆನಪು ಮಾಡಿಕೊಳ್ಳಲು ಅವನ ತುಟಿ ಆಡುತ್ತಿತ್ತು.

"ಏನೂ ಇರ್ಲಿಲ್ಲಮ್ಮ" ಎಂದ. "ನನ್ನ ಬಸ್ಸಲ್ಲೇ ಕರ್ಕೊಂಡು ಹೋಗಿ ರೈಲು ಹತ್ತಿಸಿ ಬಂದೆ. ಚೆನ್ನಾಗೇ ಇದ್ದ."